ಮಕ್ಕಳ ಪಾಠ, ಸಂತೆ ಚೀಲ, ಒಂದು ಲೆಕ್ಕದ ನೋಟ್‌ಬುಕ್

ರಾಗಿ ಕೊಯ್ಲು ಮುಗೀತು. ಮೆದೆ ಹಾಕಿದ್ದೀವಿ, ಒಕ್ಕಣೆ ಸಂಕ್ರಾಂತಿ ಹತ್ತಿರ. ಅವರೆ ಹೂ ಚೆನ್ನಾಗಿ ಕಚ್ಚಿದೆ, ಇಬ್ಬನಿ ಹೀಗೇ ಬಿದ್ದರೆ ಸೊಗಡಿನ ಕಾಯಿಗೆ ಮೋಸ ಇಲ್ಲ. ತೆಂಗಿನ ಕಥೆ ನಿಮಗೇ ಗೊತ್ತು. ಕೊಬ್ಬರಿಗೆ ಯಾವತ್ತೂ ಇಲ್ಲದ ಬೆಲೆ ಬಂದ ವರ್ಷದಲ್ಲೇ ಮರದ ಮೇಲೆ ಕಾಯಿ ಇಲ್ಲ. ಕಪ್ಪುತಲೆ ಹುಳ ಗರಿ ತಿಂದು ಹಾಕಿದ ತೋಟ ದೂರದಿಂದ ನೋಡಿದರೆ ಬೆಂಕಿ ಬಿದ್ದ ಹಾಗೆ ಕಾಣ್ತದೆ. ಬೆಳೆ ವಿಷಯ ಈ ಸಲ ಇಷ್ಟೇ ಸಾಕು.

ಇವತ್ತು ಬರೀತಾ ಇರೋದು ಮನೆ ವಿಷಯ. ಜೂನ್‌ನಿಂದ ನಮ್ಮ ಇಬ್ಬರು ಮಕ್ಕಳು ಮನೆಯಲ್ಲೇ ಓದ್ತಿದ್ದಾರೆ. ಮಗಳು ಆರನೇ ಕ್ಲಾಸಿನ ಪಾಠ, ಮಗ ಎರಡನೇದು. ಈ ವಿಷಯ ಊರಲ್ಲಿ ಬೇಕಾದಷ್ಟು ರುಬ್ಬಿದ್ದಾರೆ. ಮೂರು ಜನ ರೈತರು ಬಂದು ಗುಟ್ಟಾಗಿ ಕೇಳಿದರು, "ಎಷ್ಟು ಉಳೀತು?" ಅಂತ. ಹೋದ ವಾರ ಒಬ್ಬರು "ನಾವೂ ಬಿಡಿಸಿಬಿಡೋಣ ಅಂತಿದ್ದೀವಿ" ಅಂದಾಗ, ಪೂರ್ತಿ ಲೆಕ್ಕ ಎದುರಿಗೆ ಇಡೋದು ಒಳ್ಳೇದು ಅನ್ನಿಸ್ತು. ಅರ್ಧ ಲೆಕ್ಕ ಕೇಳಿ ಯಾರೂ ಮಕ್ಕಳನ್ನ ಶಾಲೆ ಬಿಡಿಸೋದು ಬೇಡ.

ನಮ್ಮ ಪರಿಸ್ಥಿತಿ ಹೀಗಿತ್ತು. ಊರಿನ ಕಿರಿಯ ಪ್ರಾಥಮಿಕ ಶಾಲೆ ಮಕ್ಕಳಿಲ್ಲದೆ ಮುಚ್ಚಿತು. ಇನ್ನೊಂದು ಸರ್ಕಾರಿ ಶಾಲೆ ಮೂರೂವರೆ ಕಿಲೋಮೀಟರ್. ದಾರಿಯಲ್ಲಿ ಹೋದ ಬೇಸಿಗೆಯಿಂದ ಚಿರತೆ ಓಡಾಟ, ಎರಡು ನಾಯಿ ಹೋಯ್ತು. ಟೌನಿನ ಇಂಗ್ಲಿಷ್ ಶಾಲೆಗೆ ಹೋಗ್ತಿದ್ದ ಇಬ್ಬರ ಫೀಸು ಸೇರಿ 48,000. ವ್ಯಾನಿಗೆ ತಲೆಗೆ ತಿಂಗಳಿಗೆ 1,200, ಹತ್ತು ತಿಂಗಳಿಗೆ ಇಬ್ಬರದ್ದು 24,000. ಒಟ್ಟು 72,000. ಮೂರು ಎಕರೆ ಚಿಲ್ಲರೆ ಇರೋ ಮನೆಯಲ್ಲಿ, ತೆಂಗು ಕೈ ಕೊಟ್ಟ ವರ್ಷ, ಅಷ್ಟು ದುಡ್ಡು ಬರೋದು ಒಂದೇ ಕಡೆಯಿಂದ: ಹೆಂಡತಿ ಕೊರಳಿನ ಸರ ಬ್ಯಾಂಕಿಗೆ ಹೋಗಬೇಕು. ಅವಳೇ ಹೇಳಿದಳು, "ಸರ ಒಳಗೇ ಇರಲಿ, ಒಂದು ವರ್ಷ ನಾನೇ ಹೇಳಿಕೊಡ್ತೀನಿ."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಅವಳು ಡಿ.ಎಡ್. ಮಾಡಿದ್ದಾಳೆ. ಪೋಸ್ಟಿಂಗ್ ಆಗಲಿಲ್ಲ, ಹೊಲಿಗೆ ಮಿಷಿನ್ ಹಿಡಿದಳು, ಅದು ಬೇರೆ ಕಥೆ. ಮಗುವಿಗೆ ಭಾಗಾಕಾರ ಯಾಕೆ ಬರ್ತಿಲ್ಲ ಅಂತ ಕಂಡುಹಿಡಿಯೋದು ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ನಾನು ಕೂತರೆ ಹತ್ತು ನಿಮಿಷಕ್ಕೆ ದನಿ ಏರ್ತದೆ. ಹಾಗಾಗಿ "ಮನೆ ಶಾಲೆ" ಅಂದರೆ ನಮ್ಮಲ್ಲಿ ಬೆಳಿಗ್ಗೆ ಎಂಟರಿಂದ ಹನ್ನೆರಡರ ತನಕ ಅವಳ ನಾಲ್ಕು ಗಂಟೆ. ನಮ್ಮ ಊಟಕ್ಕೂ ಆ ಗಂಟೆಗಳೇ ಬೇಕು, ಹೊಲಿಗೆಗೂ ಅವೇ. ಮೊದಲು ಹೊಲಿಗೆಯಿಂದ ತಿಂಗಳಿಗೆ 4,000 ಬರ್ತಿತ್ತು, ಈಗ 2,200. ಹತ್ತು ತಿಂಗಳಿಗೆ 18,000 ಹೋಯ್ತು. ಪುಸ್ತಕ, ನೋಟ್‌ಬುಕ್, ಮೊಬೈಲ್ ರೀಚಾರ್ಜು, ಒಂದು ಕರಿಹಲಗೆ, ಒಂದು ಭೂಪಟ ಎಲ್ಲ ಸೇರಿ ಆರು ಸಾವಿರದ ಹತ್ತಿರ. ಅಂದರೆ 72,000ದಲ್ಲಿ 24,000 ಕಳೆದು 48,000 ಉಳೀತು ಅನ್ನಬಹುದು. ಆದರೆ ಆ ದುಡ್ಡು ನನ್ನ ಜೇಬಿನಲ್ಲಿ ಇಲ್ಲ, ಯಾವತ್ತೂ ಇರಲೂ ಇಲ್ಲ. ಅದು ಮಾಡದೇ ಬಿಟ್ಟ ಸಾಲ. ಎಷ್ಟು ಉಳೀತು ಅಂತ ಕೇಳಿದವರಿಗೆ ಇದೇ ಉತ್ತರ.

ಪುಸ್ತಕಕ್ಕೆ ಜಾಸ್ತಿ ಖರ್ಚಾಗಲಿಲ್ಲ. ರಾಜ್ಯದ ಪಠ್ಯಪುಸ್ತಕ ಎಲ್ಲ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗ್ತವೆ. ಆದರೆ ಮೊಬೈಲಿನಲ್ಲಿ ಎರಡನೇ ಕ್ಲಾಸಿನ ಹುಡುಗನಿಗೆ ಪುಸ್ತಕ ತೋರಿಸಿದರೆ ಅವನು ಓದೋದು ಪುಸ್ತಕ ಅಲ್ಲ. ಪ್ರಿಂಟ್ ಹಾಕಿಸಿದರೆ ಪುಟಕ್ಕೆ ಎರಡು ರೂಪಾಯಿ. ಹಾಗಾಗಿ ಮೇಲಿನ ಕ್ಲಾಸಿಗೆ ಹೋದ ಮಕ್ಕಳ ಹಳೇ ಪುಸ್ತಕ ಕೇಳಿ ತಂದ್ವಿ, ಒಂದಷ್ಟು ಅವರೆಕಾಯಿ ಕೊಟ್ಟರೆ ಸಂತೋಷವಾಗೇ ಕೊಡ್ತಾರೆ. ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ, ಇದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತೇ ಇಲ್ಲ. ನೋಟ್‌ಬುಕ್ಕು, ಪೆನ್ಸಿಲ್ಲು, ರಬ್ಬರಿಗೆ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಹಳೇ ಬೆಲೆ ಹಾಕಿ ಮಾರ್ತಿದ್ದರೆ ಒಂದು ಸಲ ಕೇಳಿ ನೋಡಿ, ಜಗಳ ಬೇಡ.

ಪುಸ್ತಕದಲ್ಲಿ ಇರೋದನ್ನ ಹೆಂಡತಿ ಹೇಳಿಕೊಡ್ತಾಳೆ. ಲೆಕ್ಕದಲ್ಲಿ ನನಗೆ ಸಿಕ್ಕಿದ ಪಾಲು ಹೊಲದ್ದು. ಇದು ನನಗೂ ರುಚಿ ಹತ್ತಿದ ಭಾಗ, ಸ್ವಲ್ಪ ಉದ್ದ ಬರೀತೀನಿ.

ಮೊದಲನೇದು ಪಹಣಿ. ಮಗಳಿಗೆ ದಶಮಾಂಶ ಬಂದಿತ್ತು. ಪಹಣಿಯಲ್ಲಿ 1.30 ಅಂತ ನೋಡಿ "ಒಂದೂ ಪಾಯಿಂಟ್ ಮೂರು ಎಕರೆ" ಅಂದಳು. ಅಲ್ಲ ಮಗಳೇ, ಅದು ಒಂದು ಎಕರೆ ಮೂವತ್ತು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ ಒಂದೂ ಮುಕ್ಕಾಲು. ಹಾಗಾದ್ರೆ 1.30ಕ್ಕೆ 1.20 ಕೂಡಿಸಿದರೆ? ಅವಳ ಮೊದಲ ಉತ್ತರ 2.50. ಪಹಣಿ ಲೆಕ್ಕದಲ್ಲಿ ಉತ್ತರ 3.10. ಎಪ್ಪತ್ತು ಗುಂಟೆಗೆ ಅರವತ್ತು ಸೇರಿದರೆ ನೂರಮೂವತ್ತು, ಮೂರು ಎಕರೆಗೆ ನೂರಿಪ್ಪತ್ತು ಹೋಗಿ ಹತ್ತು ಗುಂಟೆ ಉಳೀತು. ಆಮೇಲೆ ಹಗ್ಗ ಹಿಡಿದು 33 ಅಡಿಗೆ 33 ಅಡಿ ಅಳೆದು ಒಂದು ಗುಂಟೆ ಗುರುತು ಹಾಕಿದ್ವಿ. 1,089 ಚದರ ಅಡಿ. ಗುಂಟೆಗೆ 16 ಆಣೆ. ಅಜ್ಜ "ವೀಸ" ಅಂತಿದ್ದದ್ದು ಹದಿನಾರನೇ ಒಂದು ಭಾಗ ಅಂತ ಗೊತ್ತಾದಾಗ ಅವಳು ಭಿನ್ನರಾಶಿ ಪುಸ್ತಕ ತಾನೇ ತೆಗೆದಳು. ಭಾಗ ಪತ್ರ ಮಾಡುವಾಗ ಈ ಲೆಕ್ಕ ಬಾರದೆ ಕೂತ ದೊಡ್ಡವರನ್ನ ನಾನು ನೋಡಿದ್ದೀನಿ.

ಎರಡನೇದು ಮಳೆ. ನೇರ ಗೋಡೆ ಇರೋ ಡಬ್ಬಿ ಒಂದನ್ನ ಬಯಲಲ್ಲಿ ಇಟ್ಟು ಸ್ಕೇಲಿನಲ್ಲಿ ಅಳೆದರೆ ಆಯ್ತು, ಅದೇ ಮಿಲಿಮೀಟರ್. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ 4,047 ಲೀಟರ್ ನೀರು. ಉತ್ತರೆ ಮಳೆಯಲ್ಲಿ ಒಂದು ದಿನ 20 ಮಿಲಿಮೀಟರ್ ಬಿತ್ತು. ಮಗಳು ಗುಣಿಸಿದಳು, 80,940 ಲೀಟರ್. 5,000 ಲೀಟರಿನ ಟ್ಯಾಂಕರ್ ಆದರೆ ಹದಿನಾರು ಟ್ಯಾಂಕರ್ ನೀರು, ಒಂದು ಎಕರೆಗೆ, ಒಂದೇ ಸಂಜೆ! ಅವತ್ತಿಂದ ಮಗ ಮಳೆ ಬಂದರೆ "ಎಷ್ಟು ಟ್ಯಾಂಕರ್ ಬಂತು" ಅಂತ ಕೇಳ್ತಾನೆ. ಬದು ಯಾಕೆ ಹಾಕಬೇಕು ಅಂತ ನಾನು ಬೇರೆ ಪಾಠ ಮಾಡಲಿಲ್ಲ.

ಮೂರನೇದು ಗೊಬ್ಬರ. ಯೂರಿಯಾ ಮೂಟೆ 45 ಕೆಜಿ, ಅದರಲ್ಲಿ ಸಾರಜನಕ ಶೇಕಡಾ 46, ಅಂದರೆ 20.7 ಕೆಜಿ. ಮೂಟೆ ಬೆಲೆ 266 ರೂಪಾಯಿ 50 ಪೈಸೆ, ಕೆಜಿ ಸಾರಜನಕಕ್ಕೆ ಸುಮಾರು 12 ರೂಪಾಯಿ 87 ಪೈಸೆ. ಡಿಎಪಿ 50 ಕೆಜಿಗೆ 1,350. ಅದರಲ್ಲಿ ಸಾರಜನಕ 9 ಕೆಜಿ, ರಂಜಕ 23 ಕೆಜಿ. ಸಾರಜನಕವನ್ನ ಯೂರಿಯಾ ಬೆಲೆಗೇ ಹಿಡಿದು ಕಳೆದರೆ ರಂಜಕ ಕೆಜಿಗೆ ಹತ್ತಿರ ಹತ್ತಿರ 54 ರೂಪಾಯಿ ಬೀಳ್ತದೆ. ಇದಕ್ಕೆ ಒಂದು ಬೆಳಿಗ್ಗೆ ಹಿಡೀತು. ಶೇಕಡಾ ಲೆಕ್ಕ ಅವತ್ತು ಬಂದದ್ದು ಇನ್ನು ಮರೆಯಲ್ಲ. (ಮೂಟೆ ಮುಟ್ಟಿಸಲಿಲ್ಲ, ಚೀಲದ ಮೇಲಿನ ಅಕ್ಷರ ಓದಿಸಿದ್ದು ಅಷ್ಟೆ. ಔಷಧಿ ಹೊಡೆಯೋ ದಿನ ಇಬ್ಬರನ್ನೂ ತೋಟದ ಹತ್ತಿರಕ್ಕೇ ಬಿಡಲ್ಲ.)

ಈಗ ಸಂತೆ. ಜೂನ್‌ನಲ್ಲಿ ಹೆಂಡತಿ ಒಂದು ನೋಟ್‌ಬುಕ್ಕಿಗೆ ಗೆರೆ ಹೊಡೆದು ಮಗಳ ಕೈಗೆ ಕೊಟ್ಟಳು: ಮನೆ ಸಾಮಾನಿನ ಲೆಕ್ಕ ಇನ್ನು ನಿನ್ನದು. ತಿಂಗಳ ದಿನಸಿಗೆ 3,500, ವಾರದ ಸಂತೆಗೆ 400. ಅದರ ಒಳಗೆ ನಾಲ್ಕು ಜನ ಉಣ್ಣಬೇಕು, ಸೋಪು ಸೀಗೆ ಎಲ್ಲ ಅದರಲ್ಲೇ. ರಾಗಿ, ಅವರೆ, ಹುರುಳಿ, ತೊಗರಿ, ಕಾಯಿ, ಸೊಪ್ಪು ಮನೇದು. ಅಕ್ಕಿ ರೇಷನ್ನಿನದು. ಗೃಹಲಕ್ಷ್ಮಿ 2,000 ಬಂದ ತಿಂಗಳು ಎಣ್ಣೆ ಒಂದು ಡಬ್ಬ ಜಾಸ್ತಿ ತರ್ತೀವಿ, ಬಾರದ ತಿಂಗಳು ಬಾಣಲೆ ಮೇಲೆ ಏರಿ ಕೂರ್ತದೆ.

ಸಂತೆಗೆ ಈಗ ಅಮ್ಮ ಮಗಳೇ ಹೋಗೋದು. ಕಾರಣ ಸುಲಭ, ಶಕ್ತಿ ಯೋಜನೆಯಲ್ಲಿ ಅವರಿಬ್ಬರಿಗೆ ಟಿಕೆಟ್ ಇಲ್ಲ, ನನಗೆ ಪೂರ್ತಿ, ಮಗನಿಗೆ ಅರ್ಧ. ಗಂಡಸರು ಹೋದರೆ ಬಸ್ ಚಾರ್ಜಿನಲ್ಲೇ ಎರಡು ಕೆಜಿ ಈರುಳ್ಳಿ ಹೋಯ್ತು ಅಂತ ಮಗಳ ಲೆಕ್ಕ.

ಅವಳು ಕಂಡುಹಿಡಿದದ್ದು ಕೆಲವು ನನಗೂ ಗೊತ್ತಿರಲಿಲ್ಲ. ಪ್ಯಾಕೆಟ್ ಸಾಮಾನಿನ ಮೇಲೆ ಈಗ ಎಂಆರ್‌ಪಿ ಪಕ್ಕದಲ್ಲಿ ಗ್ರಾಮಿಗೆ ಇಷ್ಟು, ಎಂಎಲ್‌ಗೆ ಇಷ್ಟು ಅಂತ ಇನ್ನೊಂದು ಬೆಲೆ ಸಣ್ಣ ಅಕ್ಷರದಲ್ಲಿ ಇರ್ತದೆ. ಅದನ್ನ ನೋಡಿ. ದೊಡ್ಡದು ತಗೊಂಡರೆ ಅಗ್ಗ ಅಂತ ನಾವೆಲ್ಲ ನಂಬಿದ್ದೀವಿ. ಶಾಂಪೂ ವಿಷಯದಲ್ಲಿ ಉಲ್ಟಾ. ನಮ್ಮ ಅಂಗಡಿಯಲ್ಲಿ ಒಂದು ರೂಪಾಯಿ ಸ್ಯಾಷೆಯಲ್ಲಿ 5 ಎಂಎಲ್, ಎಂಎಲ್‌ಗೆ 20 ಪೈಸೆ. ಬಾಟಲಿ 170 ಎಂಎಲ್‌ಗೆ 119 ರೂಪಾಯಿ, ಎಂಎಲ್‌ಗೆ 70 ಪೈಸೆ. ಬಾಟಲಿ ತರೋದು ನಿಲ್ತು. ಬಟ್ಟೆ ಪುಡಿಯಲ್ಲಿ ಮಾತ್ರ ದೊಡ್ಡ ಪ್ಯಾಕೆಟ್ಟೇ ಕಮ್ಮಿ.

ಎಣ್ಣೆಯಲ್ಲಿ ಇನ್ನೊಂದು ಆಟ ಇದೆ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗ್ತದೆ. ನೋಡೋಕೆ ಒಂದೇ ಥರ ಇರೋ ಪ್ಯಾಕೆಟ್ಟಿನಲ್ಲಿ ಕೆಲವು 910 ಗ್ರಾಂ, ಕೆಲವು 850, ಇನ್ನೂ ಕಮ್ಮಿಯೂ ಇವೆ. ಅಂಗಡಿಯವರು 850 ಗ್ರಾಮಿಂದು 140 ರೂಪಾಯಿ, ಎಂಟು ರೂಪಾಯಿ ಕಮ್ಮಿ ಅಂದರು. ಪಕ್ಕದ್ದು 910 ಗ್ರಾಂ, 148. ಮಗಳು ಅಲ್ಲೇ ನಿಂತು ಮಾಡಿದಳು: ಮೊದಲನೇದು ಕೆಜಿಗೆ 164 ರೂಪಾಯಿ 70 ಪೈಸೆ, ಎರಡನೇದು 162 ರೂಪಾಯಿ 60 ಪೈಸೆ. ಎರಡು ರೂಪಾಯಿಗೆ ಇಷ್ಟೊಂದಾ ಅಂತ ಅಂಗಡಿಯವರು ನಕ್ಕರು. ನೀರಿಗಿಂತ ಎಣ್ಣೆ ಯಾಕೆ ಹಗುರ ಅನ್ನೋ ವಿಜ್ಞಾನದ ಪಾಠವೂ ಅವತ್ತು ರಾತ್ರಿ ಲೋಟದಲ್ಲಿ ಆಯ್ತು. ಆ ಪಾಠಕ್ಕೆ ಬೇರೆ ಖರ್ಚು ಇಲ್ಲ, ಎಣ್ಣೆ ಮತ್ತೆ ಬಾಣಲೆಗೇ ಹೋಯ್ತು.

ಮಗನ ಕೆಲಸ ತೂಕದ ಕಲ್ಲು ನೋಡೋದು, ಅಮ್ಮ ಕರ್ಕೊಂಡು ಹೋದ ದಿನ. ಬೊಟ್ಟಿನಲ್ಲಿ ಮುದ್ರೆ ಇದೆಯಾ ಅಂತ ಕಲ್ಲಿನ ಹಿಂದೆ ಹುಡುಕ್ತಾನೆ. ಕಬ್ಬಿಣದ ಬೊಟ್ಟಿಗೆ ಎರಡು ವರ್ಷಕ್ಕೊಮ್ಮೆ ಮುದ್ರೆ ಆಗಬೇಕು, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ. ಪುರಿ ಮಾತ್ರ ಈಗಲೂ ಸೇರಿನಲ್ಲೇ ಅಳೀತಾರೆ, ಅದರಿಂದ ಪಾವು, ಅಚ್ಚೇರು, ಸೇರು ಅವನಿಗೆ ಬಂತು. ಸೇರಿನ ಮೇಲೆ ಗೋಪುರ ಎಷ್ಟು ಎತ್ತರ ಬಿಡ್ತಾರೆ ಅನ್ನೋದರ ಮೇಲೆ ಅವನು ಅಂಗಡಿ ಆರಿಸ್ತಾನೆ, ನನ್ನ ಪ್ರಕಾರ ಅದು ಸರಿಯಾದ ವಿಧಾನ.

ಚೌಕಾಸಿ ವಿಷಯದಲ್ಲಿ ಮನೆಯಲ್ಲಿ ಜಗಳ ಆಯ್ತು. ಸಂತೆ ಮುರಿಯೋ ಹೊತ್ತಿಗೆ ಹೋದರೆ ಟೊಮೆಟೊ ಅರ್ಧ ಬೆಲೆ. ಮಗಳು ಅದನ್ನೇ ರೂಢಿ ಮಾಡಿಕೊಂಡಳು. ಒಂದು ವಾರ ಸೊಪ್ಪು ಮಾರೋ ಅಜ್ಜಿ ಹತ್ತಿರ ಐದು ಕಟ್ಟು ಇಪ್ಪತ್ತಕ್ಕೆ ಕಿತ್ತುಕೊಂಡು ಬಂದು ಖುಷಿಯಾಗಿ ನೋಟ್‌ಬುಕ್ಕಿಗೆ ಬರೆದಳು. ನಾನು ಕೇಳಿದೆ: ಹೋದ ವರ್ಷ ನಮ್ಮ ಟೊಮೆಟೊ ಕ್ರೇಟ್ ಸಂಜೆ ತನಕ ಉಳಿದಾಗ ಏನಾಯ್ತು, ನೆನಪಿದೆಯಾ? ನೆನಪಿತ್ತು. ಕ್ರೇಟಿನ ಬಾಡಿಗೆಯೂ ಹುಟ್ಟದೆ ಹಸುವಿಗೆ ಹಾಕಿದ್ವಿ. ಹೆಂಡತಿಗೆ ಕೋಪ ಬಂತು, "400 ರೂಪಾಯಿಯಲ್ಲಿ ವಾರ ನಡೆಸೋದು ನೀವಲ್ಲ, ಧರ್ಮ ಹೇಳೋದು ಸುಲಭ" ಅಂದಳು. ಅವಳದ್ದೂ ಸರಿಯೇ. ಕೊನೆಗೆ ಮಗಳೇ ಒಂದು ನಿಯಮ ಬರೆದುಕೊಂಡಳು: ತಾನೇ ಬೆಳೆದು ತಂದು ನೆಲದ ಮೇಲೆ ಕೂತು ಮಾರೋರ ಹತ್ತಿರ ಕೇಳಿದ ಬೆಲೆ, ಗೂಡಂಗಡಿಯವರ ಹತ್ತಿರ ಚೌಕಾಸಿ. ವಾರಕ್ಕೆ ಇಪ್ಪತ್ತು ಮೂವತ್ತು ಜಾಸ್ತಿ ಆಗ್ತಿದೆ. ಅದನ್ನ ಬಿಸ್ಕತ್ತಿನಲ್ಲಿ ಕಳೀತಾಳೆ, ತಮ್ಮನಿಗೆ ಅದರ ಬಗ್ಗೆ ತಕರಾರಿದೆ.

ಇನ್ನೊಂದು ಅವಳದ್ದೇ ಪ್ರಶ್ನೆ. "ಮನೆ ರಾಗಿಗೆ ಯಾಕೆ ಸೊನ್ನೆ ಬರೀಬೇಕು?" ಅಂದಳು. ತಿಂಗಳಿಗೆ 20 ಕೆಜಿ ರಾಗಿ ನಮಗೆ ಬೇಕು, ವರ್ಷಕ್ಕೆ 2 ಕ್ವಿಂಟಾಲ್ 40 ಕೆಜಿ. ಈ ವರ್ಷದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886. ಅಂದರೆ 11,726 ರೂಪಾಯಿ ರಾಗಿ ಮುದ್ದೆ ಮಾಡಿ ತಿಂತಿದ್ದೀವಿ. ಅದನ್ನ ಖರ್ಚಿನ ಕಡೆ ಬರೆದಳು, ಆಮೇಲೆ ನನ್ನ ಹೆಸರಿನಲ್ಲಿ ಆದಾಯದ ಕಡೆಯೂ ಬರೆದಳು. ಮೂವತ್ತು ವರ್ಷದಿಂದ ಬೇಸಾಯ ಮಾಡ್ತಿದ್ದೀನಿ, ಹೊಟ್ಟೆಗೆ ಹೋದ ರಾಗಿ ಯಾವ ಲೆಕ್ಕಕ್ಕೂ ಬರೆದವನಲ್ಲ, ನಮ್ಮಪ್ಪನೂ ಬರೆದಿರಲಿಲ್ಲ. ಬೇಸಾಯದಲ್ಲಿ ಏನೂ ಹುಟ್ಟಲ್ಲ ಅಂತ ನಾವು ಹೇಳುವಾಗ ಈ ಹನ್ನೊಂದು ಸಾವಿರ, ಅವರೆ, ತೊಗರಿ, ಕಾಯಿ ಎಲ್ಲ ಬಿಟ್ಟೇ ಹೇಳ್ತೀವಿ.

ಇಷ್ಟು ಓದಿ "ಆಹಾ, ಶಾಲೆ ಯಾಕೆ ಬೇಕು" ಅಂದುಕೊಳ್ಳಬೇಡಿ. ಉಳಿದ ಅರ್ಧ ಇಲ್ಲಿದೆ.

ಊರಿನವರು ಮೊದಲು ಹೇಳಿದ್ದು, "ಕೂಲಿ ಉಳಿಸೋಕೆ ಮಕ್ಕಳನ್ನ ಬಿಡಿಸಿದಾನೆ." ನನಗೆ ಕೋಪ ಬಂತು. ಆದರೆ ಆ ಮಾತು ಸುಮ್ಮನೆ ಹುಟ್ಟಿದ್ದಲ್ಲ, ಮನೆಯಲ್ಲಿದ್ದ ಮಗುವಿನ ಕೈಗೆ ಕೆಲಸ ತಾನಾಗೇ ಬರ್ತದೆ. ಹಸು ಕಟ್ಟು, ನೀರು ತಾ, ಅಂಗಡಿಗೆ ಓಡು. ಕಾನೂನು ಸ್ಪಷ್ಟ ಇದೆ: 14ರ ಒಳಗಿನ ಮಕ್ಕಳು ಮನೆಯ ಕಸುಬಿಗೆ ಕೈ ಜೋಡಿಸೋದು ಶಾಲೆ ಹೊತ್ತು ಬಿಟ್ಟು, ಇಲ್ಲ ರಜೆಯಲ್ಲಿ, ಅಪಾಯದ ಕೆಲಸ ಬಿಟ್ಟು. ನಮ್ಮಲ್ಲಿ ಹನ್ನೆರಡು ಗಂಟೆ ತನಕ ಯಾರೂ ಮಕ್ಕಳನ್ನ ಕರೆಯೋ ಹಾಗಿಲ್ಲ, ಕರು ಹಗ್ಗ ಬಿಚ್ಚಿಕೊಂಡರೂ ನಾನೇ ಓಡ್ತೀನಿ. ರಾಗಿ ಕೊಯ್ಲಲ್ಲಿ ಆಳು ಸಿಗದೆ ಎರಡು ದಿನ ಒದ್ದಾಡಿದ್ವಿ. ಪಾಠದ ಹೊತ್ತಿಗೆ ಕುಡುಗೋಲು ಅವರ ಕೈಗೆ ಹೋಗಲಿಲ್ಲ. ಈ ಬೇಲಿ ಹಾಕೋಕೆ ಆಗದ ಮನೆಯವರು ಶಾಲೆ ಬಿಡಿಸಲೇಬಾರದು ಅನ್ನೋದು ನನ್ನ ಅಭಿಪ್ರಾಯ. ಅದರಲ್ಲೂ ಹೆಣ್ಣುಮಕ್ಕಳನ್ನ. ಒಂದು ವರ್ಷ ಅಂತ ಕೂತ ಹುಡುಗಿ ಕಸಮುಸುರೆಗೆ ಸೇರಿ, ಆಮೇಲೆ ಮದುವೆ ಮಾತಿಗೆ ಬರೋದನ್ನ ನಾವೆಲ್ಲ ನೋಡಿದ್ದೀವಿ.

ಎರಡನೇದು, ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಏನು ಸಿಗ್ತದೆ ಅಂತ ನಾವು ಬೆಲೆ ಕಟ್ಟೋದೇ ಇಲ್ಲ. ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ, ಸಮವಸ್ತ್ರ, ಪುಸ್ತಕ. ಮನೆಯಲ್ಲಿ ಕೂತ ಮಗುವಿಗೆ ಇದು ಒಂದೂ ಇಲ್ಲ. ಮಧ್ಯಾಹ್ನದ ಊಟ ಮನೆಯಲ್ಲೇ ಅಂದಮೇಲೆ ನಮ್ಮ ದಿನಸಿ ತಿಂಗಳಿಗೆ ಹತ್ತಿರ ಹತ್ತಿರ 400 ಏರಿದೆ. ಮೊಟ್ಟೆ ಬೇರೆ.

ಮೂರನೇದು ಕಾಗದ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಮನೆಯಲ್ಲಿ ಕಲಿಸೋದಕ್ಕೆ ಅದರಲ್ಲಿ ಒಂದು ದಾರಿ ಅಂತ ಬರೆದಿಲ್ಲ. ಆದರೆ ಶಾಲೆ ಬಿಟ್ಟ ಮಗು ಯಾವಾಗ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದರ 4ನೇ ಸೆಕ್ಷನ್ ಹೇಳ್ತದೆ. ಆ ಬಾಗಿಲು ಇದೆ ಅಂತ ಗೊತ್ತಿದ್ದಕ್ಕೇ ನಾವು ಈ ವರ್ಷ ಧೈರ್ಯ ಮಾಡಿದ್ದು. ಹತ್ತನೇ ತರಗತಿಗೆ ಎನ್‌ಐಒಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ, 1989ರಿಂದ ನಡೀತಿದೆ, 14 ತುಂಬಿದರೆ ಪರೀಕ್ಷೆಗೆ ಸೇರಬಹುದು, ವರ್ಷಕ್ಕೆ ಎರಡು ಸಲ ಪರೀಕ್ಷೆ. ಯಾರಾದರೂ ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟ ಮಕ್ಕಳು ನಿಮ್ಮ ಮನೆಯಲ್ಲಿ ಇದ್ದರೆ ಅವರಿಗೂ ಇದು ದಾರಿ.

ನವೋದಯದ ವಿಷಯ ಮಾತ್ರ ಎಲ್ಲರೂ ಗಮನಿಸಬೇಕು. ಅದರಲ್ಲಿ ಶೇಕಡಾ 75ಕ್ಕೆ ಕಮ್ಮಿ ಇಲ್ಲದೆ ಸೀಟು ಹಳ್ಳಿ ಮಕ್ಕಳಿಗೆ. ಆ ಲೆಕ್ಕದಲ್ಲಿ ಬರಬೇಕಾದರೆ 3, 4, 5ನೇ ತರಗತಿ ಹಳ್ಳಿಯಲ್ಲಿರೋ ಮಾನ್ಯತೆ ಪಡೆದ ಶಾಲೆಯಲ್ಲೇ ಓದಿರಬೇಕು. ಮನೆಯಲ್ಲಿ ಎಷ್ಟೇ ಚೆನ್ನಾಗಿ ಕಲಿಸಿದರೂ ಅದು ಅಲ್ಲಿ ಲೆಕ್ಕಕ್ಕಿಲ್ಲ. ನಮ್ಮ ಹುಡುಗ ಬರೋ ಜೂನ್‌ಗೆ ಮೂರನೇ ಕ್ಲಾಸು. ಅವನನ್ನ ಸರ್ಕಾರಿ ಶಾಲೆಗೆ ಸೇರಿಸೋದು ಅಂತ ನಿಶ್ಚಯ ಮಾಡಿದ್ದೀವಿ. ಮೂರೂವರೆ ಕಿಲೋಮೀಟರ್ ದಾರಿಗೆ ನಾವು ಐದು ಮನೆಯವರು ಸರದಿ ಹಾಕಿಕೊಂಡು ಬೈಕಿನಲ್ಲೋ ಆಟೋದಲ್ಲೋ ಬಿಡೋದು ಅಂತ ಮಾತಾಡಿಕೊಂಡಿದ್ದೀವಿ. ನಮ್ಮ ಕಡೆಯ ಇನ್ನೂ ಎರಡು ಮನೆಯವರು ಬಂದರೆ ಆಟೋ ಚಾರ್ಜು ಇನ್ನೂ ಇಳೀತದೆ, ಆಸೆ ಇದ್ದವರು ಯುಗಾದಿ ಒಳಗೆ ಹೇಳಿ.

ಮಗಳದ್ದು ಇನ್ನೂ ತೀರ್ಮಾನ ಆಗಿಲ್ಲ. ಅವಳ ಅಮ್ಮ ಸೇರಿಸೋಣ ಅಂತಾಳೆ. "ನಾನು ಲೆಕ್ಕ ಕಲಿಸಬಲ್ಲೆ, ಅವಳ ವಯಸ್ಸಿನ ಹತ್ತು ಹುಡುಗಿಯರನ್ನ ಎಲ್ಲಿಂದ ತರಲಿ" ಅನ್ನೋದು ಅವಳ ಮಾತು. ಕಳೆದ ತಿಂಗಳು ಹಳೇ ಗೆಳತಿಯರು ವ್ಯಾನಿನಿಂದ ಕೈ ಬೀಸಿದಾಗ ಮಗಳು ಒಳಗೆ ಹೋಗಿಬಿಟ್ಟಳು. ನನಗೆ ಅದು ಕಂಡಿದೆ. ಆದರೆ ಕೇಳಿದರೆ ಸೇರ್ತೀನಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ, "ನೋಡಿ ಹೇಳ್ತೀನಿ" ಅಂತಾಳೆ.

ಮೊನ್ನೆ ಅವಳ ನೋಟ್‌ಬುಕ್ಕಿನಲ್ಲಿ ಹಿಂದಿನ ಪುಟ ಕಣ್ಣಿಗೆ ಬಿತ್ತು. ಮೇಲೆ "ಜೂನ್" ಅಂತ ಬರೆದು ಎರಡು ಕಡೆ ಗೆರೆ ಹೊಡೆದಿದ್ದಾಳೆ. ಒಂದು ಕಡೆ ಆಟೋ, ಬ್ಯಾಗು, ಚಪ್ಪಲಿ, ಛತ್ರಿ. ಇನ್ನೊಂದು ಕಡೆ ಊಟ, ಹಾಲು, ಮೊಟ್ಟೆ, ಪುಸ್ತಕ, ಬಟ್ಟೆ, ಅಮ್ಮನ ಹೊಲಿಗೆ 1,800. ಅದರ ಕೆಳಗೆ ಖೊಖೊ ಅಂತ ಬರೆದು ಮುಂದೆ ದುಡ್ಡಿನ ಜಾಗ ಖಾಲಿ ಬಿಟ್ಟಿದ್ದಾಳೆ.